ಕೋವಿಯ ಸದ್ದು, ನಿಮ್ಮ ಕಿವಿ: ಗುಂಡು ಹೊಡೆಯುವವರಿಗೆ ಹಂತ ಹಂತದ ಮಾರ್ಗದರ್ಶಿ

ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತ ಹತ್ತಿರವಾಗುತ್ತಿದ್ದಂತೆ ಕೊಡಗಿನ ಮೈದಾನಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಶುರುವಾಗುತ್ತವೆ. ಅದರ ಹಿಂದೆಯೇ ಓದುಗರ ಪ್ರಶ್ನೆಯೂ ಬರುತ್ತದೆ: ಕೋವಿಗೆ ಸೈಲೆನ್ಸರ್ ಹಾಕಿಸಬಹುದೇ? ಹಾಕಿದ್ದು ಇನ್ನೂ ಚೆನ್ನಾಗಿ ಕೆಲಸ ಮಾಡಲು ಏನು ಮಾಡಬೇಕು? ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಇಷ್ಟೇ, ಗುಂಡು ಹೊಡೆದ ರಾತ್ರಿ ಕಿವಿಯಲ್ಲಿ ಗುಂಯ್‌ಗುಡುವುದು ನಿಲ್ಲಬೇಕು. ಅದಕ್ಕೆ ದಾರಿ ಇದೆ. ಆದರೆ ಅದು ನಳಿಕೆಯ ತುದಿಯಲ್ಲಿ ಇಲ್ಲ, ನಿಮ್ಮ ಕಿವಿಯ ಬಾಗಿಲಲ್ಲಿದೆ.

ಮೊದಲು ಕಾನೂನಿನ ಮಾತು ಮುಗಿಸೋಣ. ಭಾರತದ 1959ರ ಆಯುಧ ಕಾಯ್ದೆ ಬಂದೂಕಿನ ವ್ಯಾಖ್ಯಾನದೊಳಗೇ, ಅದರ ಶಬ್ದವನ್ನೋ ಬೆಂಕಿಯ ಮಿಂಚನ್ನೋ ತಗ್ಗಿಸುವ ಉಪಕರಣವನ್ನೂ ಸೇರಿಸಿದೆ. ಅಂದರೆ ಸೈಲೆನ್ಸರ್ ಎಂಬುದು ಕಾನೂನಿನ ಕಣ್ಣಿನಲ್ಲಿ ಬಿಡಿಭಾಗವಲ್ಲ, ಅದೇ ಒಂದು ಆಯುಧ. ಸಾಮಾನ್ಯ ನಾಗರಿಕರಿಗೆ ಅದು ಸಿಗುವಂಥದ್ದಲ್ಲ. ಮನೆಯಲ್ಲೋ ಲೇತ್ ಅಂಗಡಿಯಲ್ಲೋ ಮಾಡಿಸಿಕೊಂಡರೆ ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಒಡೆಯರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿದೆ. ಆ ವಿನಾಯಿತಿ ಇದೆ ಎಂದ ಮಾತ್ರಕ್ಕೆ ಸೈಲೆನ್ಸರ್‌ಗೂ ಇದೆ ಎಂದುಕೊಳ್ಳಬೇಡಿ.

ಫಿನ್ಲೆಂಡ್, ನಾರ್ವೆಯಂಥ ದೇಶಗಳಲ್ಲಿ ಬೇಟೆಗಾರರು ಸೈಲೆನ್ಸರ್ ಬಳಸುವುದು ಮಾಮೂಲು. ಆದರೆ ಸೈಲೆನ್ಸರ್ ಇದ್ದರೂ ಕಿವಿ ಮುಚ್ಚುವ ಮಫ್ ಬಿಡುವಂತಿಲ್ಲ. ಒಳ್ಳೆಯ ಸೈಲೆನ್ಸರ್ ಸಾಮಾನ್ಯವಾಗಿ 20ರಿಂದ 35 ಡೆಸಿಬೆಲ್ ತಗ್ಗಿಸುತ್ತದೆ. ದೊಡ್ಡ ರೈಫಲ್ಲಿನ 165 ಡೆಸಿಬೆಲ್ಲಿನಲ್ಲಿ 30 ಕಳೆದರೂ 135 ಉಳಿಯುತ್ತದೆ, ಸಿನಿಮಾದಲ್ಲಿ ಕೇಳುವ ‘ಫುಸ್’ ಅಲ್ಲ. ಸರಿಯಾಗಿ ಕೂತ ಒಂದು ಜೊತೆ ಫೋಮ್ ಪ್ಲಗ್ ಕಿವಿಗೆ ಹೆಚ್ಚುಕಡಿಮೆ ಅಷ್ಟೇ ರಕ್ಷಣೆ ಕೊಡುತ್ತದೆ. ಬೆಲೆ ಹತ್ತಿಪ್ಪತ್ತು ರೂಪಾಯಿ, ಯಾವ ಪರವಾನಗಿಯೂ ಬೇಡ. ‘ಸರಿಯಾಗಿ ಕೂತ’ ಎಂಬ ಮಾತಿನಲ್ಲೇ ಎಲ್ಲ ಇದೆ. ಈ ಲೇಖನದ ಅರ್ಧ ಭಾಗ ಅದರ ಮೇಲೆಯೇ.

ಏನೇನು ಬೇಕು

ಒಬ್ಬರಿಗೆ: ಕನಿಷ್ಠ ನಾಲ್ಕು ಜೊತೆ ಫೋಮ್ ಪ್ಲಗ್ (ಬೆರಳಲ್ಲಿ ಹೊಸೆದರೆ ಸಣ್ಣದಾಗಿ, ಕಿವಿಯೊಳಗೆ ಹೋದ ಮೇಲೆ ಮತ್ತೆ ಉಬ್ಬುವ ಮೆದು ಬಿರಡೆ), ಒಂದು ಇಯರ್ ಮಫ್ (ಕಿವಿಯನ್ನು ಪೂರ್ತಿ ಮುಚ್ಚುವ ಬಟ್ಟಲು), ತೆಳುವಾದ ಕಡ್ಡಿಯ ಕನ್ನಡಕ, ಒದ್ದೆ ಟಿಶ್ಯೂ ಇಲ್ಲವೇ ಸೋಪು ನೀರು. ಬ್ಯಾಟರಿಯ ಮಫ್ ಆದರೆ ಹೆಚ್ಚುವರಿ ಸೆಲ್ ಒಂದು ಜೊತೆ. ಇವೆಲ್ಲ ಔದ್ಯೋಗಿಕ ಸುರಕ್ಷತಾ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಬಂದೂಕಿನ ಅಂಗಡಿಯನ್ನೇ ಹುಡುಕಬೇಕಾಗಿಲ್ಲ.

ಬೇಡವಾದದ್ದರ ಪಟ್ಟಿಯೂ ಮುಖ್ಯ. ಹತ್ತಿ ತುರುಕಿಕೊಳ್ಳುವುದು ರಕ್ಷಣೆಯಲ್ಲ. ಹತ್ತಿಯ ಎಳೆಗಳ ನಡುವೆ ಗಾಳಿ ಹಾಯುತ್ತದೆ, ಗಾಳಿ ಹೋದಲ್ಲಿ ಸದ್ದೂ ಹೋಗುತ್ತದೆ. ಖಾಲಿ ತೋಟಾ ಕಿವಿಗೆ ಸಿಕ್ಕಿಸಿಕೊಳ್ಳುವ ಅಭ್ಯಾಸವಂತೂ ಕಿವಿಯ ನಾಳವನ್ನೇ ಗಾಯ ಮಾಡುತ್ತದೆ. ಹಾಡು ಕೇಳುವ ಇಯರ್‌ಫೋನ್, ‘ನಾಯ್ಸ್ ಕ್ಯಾನ್ಸಲಿಂಗ್’ ಎಂದು ಬರೆದಿದ್ದರೂ, ಗುಂಡಿನ ಸದ್ದಿಗೆ ಮಾಡಿದ್ದಲ್ಲ. ವಿಮಾನದ ಒಂದೇ ಸಮನೆ ಗುಂಯ್‌ಗಾಟವನ್ನು ಅಳೆದು ಎದುರು ಸದ್ದು ಹುಟ್ಟಿಸುವ ಉಪಕರಣ ಅದು. ಕೆಲವೇ ಮಿಲಿಸೆಕೆಂಡಿನಲ್ಲಿ ಬಂದು ಹೋಗುವ ಹೊಡೆತಕ್ಕೆ ಅದರಿಂದ ಉತ್ತರ ಕೊಡಲಾಗದು.

ಹಂತ 1: ನಿಮ್ಮ ಕೋವಿಯ ಸದ್ದಿನ ಲೆಕ್ಕ ತಿಳಿಯಿರಿ

ಡೆಸಿಬೆಲ್ ಸಾಮಾನ್ಯ ಅಳತೆಗೋಲಿನಂತಲ್ಲ. 20 ಡೆಸಿಬೆಲ್ ಹೆಚ್ಚಾದರೆ ಕಿವಿಯ ಪರದೆಯ ಮೇಲೆ ಬೀಳುವ ಒತ್ತಡ ಹತ್ತು ಪಟ್ಟಾಗುತ್ತದೆ. ಗುಂಡಿನಂಥ ದಿಢೀರ್ ಸದ್ದಿಗೆ ದೊಡ್ಡವರಿಗೆ 140 ಡೆಸಿಬೆಲ್, ಮಕ್ಕಳಿಗೆ 120 ಡೆಸಿಬೆಲ್ ಮೀರಬಾರದು ಎಂಬುದು ವ್ಯಾಪಕವಾಗಿ ಒಪ್ಪಿತವಾದ ಗೆರೆ. ಹೊಡೆಯುವವರ ಕಿವಿಯ ಬಳಿ ಸಣ್ಣ ಗುಂಡಿನ ಪಾಯಿಂಟ್ 22 ರೈಫಲ್ ಸುಮಾರು 140ರ ಆಸುಪಾಸಿನಲ್ಲಿರುತ್ತದೆ. 12 ಬೋರ್ (ಶಾಟ್‌ಗನ್) 150ರಿಂದ 160ರ ಮಟ್ಟಕ್ಕೆ ಹೋಗುತ್ತದೆ. ದೊಡ್ಡ ರೈಫಲ್ ಅದನ್ನೂ ದಾಟುತ್ತದೆ. ನಳಿಕೆ ಗಿಡ್ಡವಾದಷ್ಟೂ ಸದ್ದು ಹುಟ್ಟುವ ಜಾಗ ಕಿವಿಗೆ ಹತ್ತಿರವಾಗುತ್ತದೆ, ಹಾಗಾಗಿ ಗಿಡ್ಡ ನಳಿಕೆಯ ಕೋವಿ ಇನ್ನೂ ಕೆಟ್ಟದ್ದು. ಒದೆತ ಕಡಿಮೆ ಮಾಡಲು ನಳಿಕೆಯ ತುದಿಗೆ ಮಜಲ್ ಬ್ರೇಕ್ ಹಾಕಿದ ರೈಫಲ್ ಪಕ್ಕದಲ್ಲಿದ್ದರೆ ನೀವು ಎದ್ದು ಬೇರೆ ಕಡೆ ಹೋಗಿ. ಅದು ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸುವುದರಿಂದ ಸದ್ದೂ ಅತ್ತಲೇ ಬರುತ್ತದೆ.

ಇಲ್ಲಿ ಒಳಗೆ ಏನಾಗುತ್ತದೆಂದು ತಿಳಿದರೆ ಮುಂದಿನ ಹಂತಗಳನ್ನು ಯಾರೂ ಅಸಡ್ಡೆ ಮಾಡುವುದಿಲ್ಲ. ಒಳಗಿವಿಯ ಶಂಖದಲ್ಲಿ ಸದ್ದನ್ನು ನರಕ್ಕೆ ದಾಟಿಸುವ ಕೂದಲು ಕೋಶಗಳು ಪ್ರತಿ ಕಿವಿಗೆ ಸುಮಾರು 15,000 ಮಾತ್ರ ಇವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಸಾಯುವುದು 3000ರಿಂದ 6000 ಹರ್ಟ್ಜ್‌ನ, ಅಂದರೆ ತೆಳುವಾದ, ಮೊನಚು ಸದ್ದುಗಳ ಕೋಶಗಳು. ಅದಕ್ಕೇ ಹಾನಿ ಶುರುವಾದದ್ದು ತಿಳಿಯುವುದಿಲ್ಲ. ಮಾತು ಕೇಳಿಸುತ್ತದೆ, ಆದರೆ ಸ್ಪಷ್ಟವಾಗುವುದಿಲ್ಲ. ‘ತಾಳಿ’, ‘ಕಾಳಿ’, ‘ಪಾಳಿ’ ಒಂದೇ ಥರ ಕೇಳಿಸುತ್ತವೆ, ಸ ಮತ್ತು ಶ ಎರಡೂ ಮಸುಕಾಗುತ್ತವೆ. ಸ್ವರ ದಪ್ಪ ಸದ್ದು, ಉಳಿಯುತ್ತದೆ. ವ್ಯಂಜನ ತೆಳು ಸದ್ದು, ಕಳೆದುಹೋಗುತ್ತದೆ. ‘ಜೋರಾಗಿ ಹೇಳಬೇಡ, ಬಿಡಿಸಿ ಹೇಳು’ ಎಂದು ಮನೆಯ ಹಿರಿಯರು ಅಂದರೆ ಅದು ಇದೇ.

ಬಲಗೈಯವರಿಗೆ ಎಡಗಿವಿಯೇ ಮೊದಲು ಕೆಡುತ್ತದೆ. ಕೋವಿಯ ಹಿಂತುದಿಯ ಬಟ್‌ಗೆ ಕೆನ್ನೆ ಒತ್ತಿದಾಗ ಬಲಗಿವಿ ತಲೆ ಮತ್ತು ಭುಜದ ಮರೆಗೆ ಹೋಗುತ್ತದೆ, ಎಡಗಿವಿ ನಳಿಕೆಯತ್ತ ತೆರೆದು ನಿಲ್ಲುತ್ತದೆ. ಎಡಗೈಯವರಿಗೆ ತಿರುವುಮುರುವು.

ಹಂತ 2: ಡಬ್ಬಿಯ ಮೇಲಿನ ಅಂಕಿಯನ್ನು ಸರಿಯಾಗಿ ಓದಿ

ಪ್ಲಗ್ ಅಥವಾ ಮಫ್‌ನ ಡಬ್ಬಿಯ ಮೇಲೆ ಎನ್‌ಆರ್‌ಆರ್ ಎಂದು ಒಂದು ಅಂಕಿ ಇರುತ್ತದೆ. ಎಷ್ಟು ಡೆಸಿಬೆಲ್ ತಗ್ಗಿಸುತ್ತದೆ ಎಂಬುದಕ್ಕೆ ಅಮೆರಿಕದ ಅಳತೆ ಅದು. ಯುರೋಪಿನ ಸಾಮಾನಿನ ಮೇಲೆ ಎಸ್‌ಎನ್‌ಆರ್ ಎಂದಿರುತ್ತದೆ. ಅಳೆಯುವ ಕ್ರಮ ಬೇರೆ, ಒಂದೇ ಪ್ಲಗ್‌ಗೆ ಎಸ್‌ಎನ್‌ಆರ್ ಕೆಲವು ಅಂಕಿ ಹೆಚ್ಚೇ ಬರುತ್ತದೆ. ಆದ್ದರಿಂದ ಒಂದರ ಎನ್‌ಆರ್‌ಆರ್ 32ನ್ನು ಇನ್ನೊಂದರ ಎಸ್‌ಎನ್‌ಆರ್ 37ರ ಜೊತೆ ಹೋಲಿಸಿ ಎರಡನೆಯದೇ ಮೇಲು ಎಂದುಕೊಳ್ಳಬೇಡಿ.

ಆ ಅಂಕಿ ಬಂದಿರುವುದು ಪ್ರಯೋಗಾಲಯದಲ್ಲಿ, ತಜ್ಞರ ಕಣ್ಣೆದುರು, ಒಂದೇ ಸಮನೆಯ ಸದ್ದಿನಲ್ಲಿ. ನಿಜ ಬಳಕೆಗೆ, ಕೆಲಸದ ಜಾಗದ ಸುರಕ್ಷತೆಯನ್ನು ಸಂಶೋಧಿಸುವ ಅಮೆರಿಕದ ನಿಯೋಶ್ ಸಂಸ್ಥೆ 1998ರಲ್ಲಿ ಸೂಚಿಸಿದ ಕಡಿತ ಹೀಗಿದೆ: ಮಫ್‌ಗೆ ಕಾಲುಭಾಗ ಕಳೆಯಿರಿ, ಫೋಮ್ ಪ್ಲಗ್‌ಗೆ ಅರ್ಧ ಕಳೆಯಿರಿ, ಉಳಿದ ಪ್ಲಗ್‌ಗಳಿಗೆ ನೂರಕ್ಕೆ ಎಪ್ಪತ್ತು ಕಳೆಯಿರಿ. ಗುಂಡಿನ ಸದ್ದಿಗೆ ಇದು ಅಂದಾಜು ಮಾತ್ರ, ಆದರೂ ದಾರಿ ತೋರಿಸುತ್ತದೆ.

12 ಬೋರ್ 155 ಡೆಸಿಬೆಲ್ ಎಂದಿಟ್ಟುಕೊಳ್ಳಿ. ಎನ್‌ಆರ್‌ಆರ್ 32ರ ಫೋಮ್ ಪ್ಲಗ್ ಅರ್ಧ ಕೆಲಸ ಮಾಡಿದರೆ 16 ಕಳೆದು 139. ಗೆರೆಯ ಅಂಚಿನಲ್ಲೇ ನಿಂತಿದ್ದೀರಿ. ಎನ್‌ಆರ್‌ಆರ್ 25ರ ಮಫ್ ಆದರೆ ಸುಮಾರು 19 ಕಳೆದು 136. ಎರಡನ್ನೂ ಸೇರಿಸಿ ಹಾಕಿದರೆ 131ರ ಹತ್ತಿರ (ಈ ಲೆಕ್ಕ ಹಂತ 5ರಲ್ಲಿದೆ). ಪ್ಲಗ್ ಚೆನ್ನಾಗಿ ಕೂತರೆ ಒಂದೇ ಪ್ಲಗ್ 25ಕ್ಕೂ ಹೆಚ್ಚು ತಗ್ಗಿಸಬಲ್ಲದು, ಆಗ 130ಕ್ಕಿಂತ ಕೆಳಗೆ. ಕೆಟ್ಟದಾಗಿ ಕೂತರೆ 8 ತಗ್ಗಿಸಿ 147 ಒಳಗೆ ಬಿಡುತ್ತದೆ. ಅದೇ ಪ್ಲಗ್, ಅದೇ ಬೆಲೆ. ಬೇರೆಯಾದದ್ದು ಹಾಕಿದ ಕೈ.

ಹಂತ 3: ಫೋಮ್ ಪ್ಲಗ್ ಹಾಕುವ ಕ್ರಮ

ಇದನ್ನು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಹತ್ತು ಸಲ ಅಭ್ಯಾಸ ಮಾಡಿ. ಸ್ಪರ್ಧೆಯ ದಿನ ಹೆಸರು ಕೂಗಿದ ಮೇಲೆ ಕಲಿಯುವ ಕೆಲಸವಲ್ಲ.

ಮೊದಲು ಕೈ ತೊಳೆಯಿರಿ. ತೋಟಾ, ನಳಿಕೆ ಮುಟ್ಟಿದ ಕೈಯಲ್ಲಿ ಸೀಸದ ಪುಡಿ ಇರುತ್ತದೆ. ಆ ಕೈಯಲ್ಲಿ ಹೊಸೆದ ಪ್ಲಗ್ ಅದನ್ನು ನೇರವಾಗಿ ಕಿವಿಯೊಳಗೆ ಒಯ್ಯುತ್ತದೆ. ಹಾಗಾಗಿ ಪ್ಲಗ್ ಮೊದಲು, ತೋಟಾ ಆಮೇಲೆ.

ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಪ್ಲಗ್ ಇಟ್ಟು ನಿಧಾನವಾಗಿ, ಒತ್ತಡ ಹೆಚ್ಚಿಸುತ್ತಾ ಹೊಸೆಯಿರಿ. ದೀಪದ ಬತ್ತಿ ಹೊಸೆಯುವಂತೆ. ಸುಕ್ಕು, ಮಡಿಕೆ ಬೀಳಬಾರದು. ಮಡಿಕೆ ಬಿದ್ದರೆ ಉಬ್ಬಿದ ಮೇಲೂ ಅಲ್ಲೊಂದು ಕಾಲುವೆ ಉಳಿಯುತ್ತದೆ, ಸದ್ದು ಆ ಕಾಲುವೆಯಲ್ಲಿ ಹರಿಯುತ್ತದೆ. ಬೆರಳಲ್ಲಿ ಹಿಸುಕಿ ಚಪ್ಪಟೆ ಮಾಡಿ ತುರುಕುವವರಿಗೆ ಆಗುವುದು ಇದೇ.

ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿಯ ಮೇಲ್ತುದಿಯನ್ನು ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಈ ಎಳೆತವನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ. ಕಿವಿಯ ನಾಳ ನೇರವಾಗಿಲ್ಲ, ಡೊಂಕಾಗಿದೆ. ಎಳೆದಾಗ ಡೊಂಕು ನೇರವಾಗಿ ಪ್ಲಗ್ ಒಳಗೆ ಜಾರುತ್ತದೆ. ಎಳೆಯದಿದ್ದರೆ ಬಾಗಿಲಲ್ಲೇ ಸಿಕ್ಕಿಕೊಂಡು ಉಬ್ಬುತ್ತದೆ.

ಹೊಸೆದ ಪ್ಲಗ್ಗನ್ನು ತಡಮಾಡದೆ ಒಳಗೆ ತಳ್ಳಿ, ಬೆರಳ ತುದಿಯಿಂದ 30 ಸೆಕೆಂಡು ಒತ್ತಿ ಹಿಡಿಯಿರಿ. ಮಡಿಕೇರಿಯ ಡಿಸೆಂಬರ್ ಬೆಳಿಗ್ಗೆಯಂಥ ಚಳಿಯಲ್ಲಿ ಫೋಮ್ ನಿಧಾನವಾಗಿ ಉಬ್ಬುತ್ತದೆ, ಒಂದು ನಿಮಿಷ ಹಿಡಿಯಿರಿ. ಜೇಬಿನಲ್ಲಿ ಬೆಚ್ಚಗಿಟ್ಟುಕೊಂಡು ಬಂದರೆ ಒಳ್ಳೆಯದು.

ಈಗ ಪರೀಕ್ಷೆ. ಎದುರಿನಿಂದ ಕನ್ನಡಿಯಲ್ಲಿ ನೋಡಿದಾಗ ಪ್ಲಗ್‌ನ ತುದಿ ಕಿವಿಯಿಂದ ಹೊರಚಾಚಿ ಕಾಣಬಾರದು. ‘ಮ್‌ಮ್‌ಮ್’ ಎಂದು ಬಾಯಿ ಮುಚ್ಚಿ ಗುನುಗಿ: ಸ್ವರ ತಲೆಯ ನಡುಮಧ್ಯದಲ್ಲಿ, ತುಂಬು ಮಡಕೆಯೊಳಗಿನಿಂದ ಬಂದಂತೆ ಕೇಳಿಸಬೇಕು. ಒಂದು ಕಿವಿಯಲ್ಲಿ ಜೋರು, ಇನ್ನೊಂದರಲ್ಲಿ ಸಣ್ಣಗೆ ಕೇಳಿಸಿದರೆ, ಸಣ್ಣಗೆ ಕೇಳಿದ ಕಿವಿಯ ಪ್ಲಗ್ ಸೋರುತ್ತಿದೆ. ಮೂರನೆಯದು, ಸುತ್ತ ಸದ್ದಿರುವಾಗ ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ಬಿಡಿ. ಮುಚ್ಚಿದಾಗಲೂ ಬಿಟ್ಟಾಗಲೂ ಹೆಚ್ಚು ವ್ಯತ್ಯಾಸ ತಿಳಿಯದಿದ್ದರೆ ಪ್ಲಗ್ ಕೂತಿದೆ. ಮುಚ್ಚಿದ ಕೂಡಲೇ ಸದ್ದು ತಟ್ಟನೆ ಇಳಿದರೆ ತೆಗೆದು ಮತ್ತೆ ಹಾಕಿ. ಹಾಕಿದ್ದನ್ನೇ ಮತ್ತಷ್ಟು ಒತ್ತಿ ಪ್ರಯೋಜನವಿಲ್ಲ. ಉಬ್ಬಿದ ಪ್ಲಗ್ ಒಳಗೆ ಹೋಗುವುದಿಲ್ಲ, ಬಾಗುತ್ತದೆ.

ಮಾತಾಡುತ್ತಾ, ತಿನ್ನುತ್ತಾ ಇದ್ದರೆ ದವಡೆಯ ಚಲನೆಗೆ ಪ್ಲಗ್ ಸಡಿಲವಾಗುತ್ತದೆ. ಪ್ರತಿ ಸರದಿಗೂ ಮುಂಚೆ ಗುನುಗುವ ಪರೀಕ್ಷೆ ಮಾಡಿ. ತೆಗೆಯುವಾಗ ತಿರುಗಿಸುತ್ತಾ ನಿಧಾನವಾಗಿ ತೆಗೆಯಿರಿ, ಸರಕ್ಕನೆ ಎಳೆದರೆ ಒಳಗಿನ ಗಾಳಿ ಪರದೆಯನ್ನು ಎಳೆದು ನೋಯಿಸುತ್ತದೆ. ಫೋಮ್ ಪ್ಲಗ್ ತೊಳೆದು ಬಳಸುವ ವಸ್ತುವಲ್ಲ. ಒಂದು ದಿನ ಬಳಸಿ ಎಸೆಯಿರಿ.

ಕಿವಿಯಲ್ಲಿ ಸೋರಿಕೆ, ನೋವು, ಪರದೆಯಲ್ಲಿ ತೂತು ಇರುವವರು ಪ್ಲಗ್ ಹಾಕಬೇಡಿ, ಮಫ್ ಮಾತ್ರ ಹಾಕಿ. ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಪ್ಲಗ್ ಅದನ್ನು ಇನ್ನೂ ಒಳಗೆ ತಳ್ಳುತ್ತದೆ, ಮೊದಲು ವೈದ್ಯರಲ್ಲಿ ತೆಗೆಸಿ. ಫೋಮ್ ಎಷ್ಟು ಸಲ ಹಾಕಿದರೂ ಕೂರದವರು ಶ್ರವಣ ತಜ್ಞರ ಬಳಿ ಕಿವಿಯ ಅಚ್ಚು ತೆಗೆಸಿ, ಅದೇ ಅಳತೆಗೆ ಸಿಲಿಕೋನ್ ಪ್ಲಗ್ ಮಾಡಿಸಿಕೊಳ್ಳಬಹುದು. ವರ್ಷವಿಡೀ ಹೊಡೆಯುವವರಿಗೆ ಆ ಖರ್ಚು ದಂಡವಲ್ಲ.

ಹಂತ 4: ಮಫ್‌ನ ಸೋರಿಕೆ ಹುಡುಕಿ

ಮಫ್ ಹಾಕುವುದು ಸುಲಭ, ಅದಕ್ಕೇ ಅದರ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಮಫ್ ಕೆಲಸ ಮಾಡುವುದು ಬಟ್ಟಲಿನಿಂದಲ್ಲ, ಅದರ ಅಂಚಿನ ಮೆತ್ತೆಯಿಂದ. ಮೆತ್ತೆ ಚರ್ಮಕ್ಕೆ ಸುತ್ತಲೂ ಅಂಟಿ ಕೂರಬೇಕು. ನಡುವೆ ಏನೇ ಸಿಕ್ಕಿದರೂ ಅಲ್ಲೊಂದು ಬಿರುಕು.

ಮೊದಲ ಕಳ್ಳ ಕನ್ನಡಕದ ಕಡ್ಡಿ. ಕೈಯಲ್ಲಿ ಮಫ್‌ನ ಅಂಚನ್ನು ಕಡ್ಡಿ ಹಾದುಹೋಗುವ ಜಾಗದಲ್ಲಿ ಮುಟ್ಟಿ ನೋಡಿ: ದಪ್ಪ ಪ್ಲಾಸ್ಟಿಕ್ ಕಡ್ಡಿಯ ಮೇಲೂ ಕೆಳಗೂ ತ್ರಿಕೋನದ ಸಣ್ಣ ಸಂದು ಸಿಗುತ್ತದೆ. ಬೆಂಕಿಕಡ್ಡಿ ತೂರುವಷ್ಟೇ ಇರಬಹುದು. ಅಷ್ಟು ಸಾಕು. ದಪ್ಪ ಸದ್ದು ಇಂಥ ಸಂದಿಯಲ್ಲೇ ನುಗ್ಗುತ್ತದೆ, 12 ಬೋರಿನ ಹೊಡೆತದಲ್ಲಿ ದಪ್ಪ ಸದ್ದಿನ ಪಾಲು ದೊಡ್ಡದು. ಹಾಗೆಂದು ಕನ್ನಡಕ ಬಿಡಬೇಡಿ, ಕಣ್ಣಿಗೂ ರಕ್ಷಣೆ ಬೇಕು. ತೆಳುವಾದ, ಚಪ್ಪಟೆಯಾದ ಕಡ್ಡಿಯದ್ದು ತೆಗೆದುಕೊಳ್ಳಿ.

ಎರಡನೆಯದು ತಲೆಗೆ ಕಟ್ಟಿದ ಬಟ್ಟೆ. ಸಾಂಪ್ರದಾಯಿಕ ಉಡುಗೆಯಲ್ಲಿ ಸ್ಪರ್ಧೆಗೆ ನಿಲ್ಲುವವರು ಪೇಟದ ಮೇಲೆ, ಹೆಂಗಸರು ತಲೆವಸ್ತ್ರದ ಮೇಲೆ ಮಫ್ ಏರಿಸುತ್ತಾರೆ. ಬಟ್ಟೆಯ ಮೇಲೆ ಮಫ್ ಕೂತರೆ ಅದು ಅಲಂಕಾರ ಮಾತ್ರ. ಬಟ್ಟೆಯನ್ನು ಕಿವಿಯ ಹಿಂದಕ್ಕೆ ಸರಿಸಿ, ಇಲ್ಲವೇ ಹಿಂಗತ್ತಿನಲ್ಲಿ ಪಟ್ಟಿ ಹಾಯುವ ಮಫ್ ತೆಗೆದುಕೊಳ್ಳಿ. ಜುಮುಕಿ, ದಪ್ಪ ಓಲೆ ತೆಗೆದಿಡಿ. ಉದ್ದ ಕೂದಲನ್ನು ಮೆತ್ತೆಯ ಅಡಿಯಿಂದ ಬಿಡಿಸಿ. ಟೋಪಿಯ ಅಂಚೂ ಒಳಗೆ ಸಿಕ್ಕದಂತೆ ನೋಡಿ.

ಮೂರನೆಯದು ಕೋವಿಯ ಬಟ್. ಕೆನ್ನೆ ಒತ್ತಿದ ಕೂಡಲೇ ಬಟ್ ಮಫ್‌ನ ಕೆಳ ಅಂಚಿಗೆ ತಗುಲಿ ಅದನ್ನು ಮೇಲೆತ್ತುತ್ತದೆ. ಹಾಕಿ ನಿಂತಾಗ ಸರಿಯಿದ್ದದ್ದು ಗುರಿ ಹಿಡಿದಾಗ ಬಿಚ್ಚಿಕೊಳ್ಳುತ್ತದೆ. ಹೀಗಾಗಿ ಮಫ್ ಕೊಳ್ಳುವಾಗ ಕೆಳಭಾಗ ತೆಳುವಾಗಿ ಕತ್ತರಿಸಿದಂತಿರುವ ಬಟ್ಟಲಿನದ್ದು ಆರಿಸಿ. ಖಾಲಿ ಕೋವಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಗುರಿ ಹಿಡಿಯುವ ಭಂಗಿಯಲ್ಲೇ ಗೆಳೆಯರೊಬ್ಬರಿಂದ ಅಂಚನ್ನು ಸುತ್ತ ಮುಟ್ಟಿಸಿ ನೋಡಿ. ಬಟ್ ತಗುಲಿದ್ದಕ್ಕೆ ಕೆನ್ನೆಯನ್ನು ದೂರ ಮಾಡಿಕೊಂಡು ಹೊಡೆಯುವವರಿದ್ದಾರೆ. ಗುರಿಯೂ ತಪ್ಪುತ್ತದೆ, ಒದೆತವೂ ಕೆನ್ನೆಗೆ ಬೀಳುತ್ತದೆ.

ಮೆತ್ತೆಯ ವಯಸ್ಸನ್ನೂ ನೋಡಿ. ಬೆವರು, ಬಿಸಿಲಿಗೆ ಅದು ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಮೆಲ್ಲಗೆ ತಗ್ಗಿ ಮತ್ತೆ ಮೇಲೇಳಬೇಕು. ಗಟ್ಟಿ ರಬ್ಬರಿನಂತಿದ್ದರೆ ಮೆತ್ತೆಯನ್ನಷ್ಟೇ ಬದಲಿಸಿ. ಹೆಚ್ಚಿನ ಕಂಪನಿಗಳು ಅದನ್ನು ಬಿಡಿಯಾಗಿ ಮಾರುತ್ತವೆ, ನಿಯಮಿತವಾಗಿ ಬಳಸುವವರು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ತಲೆಪಟ್ಟಿಯನ್ನು ‘ಬಿಗಿಯಾಯಿತು’ ಎಂದು ಅಗಲಿಸಿ ಬಾಗಿಸಬೇಡಿ, ಆ ಬಿಗಿಯೇ ರಕ್ಷಣೆ. ಮುಚ್ಚಿದ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಿಡುವುದೂ ಬೇಡ.

ಬ್ಯಾಟರಿಯ ಮಫ್ ಬಗ್ಗೆ ಕೇಳುವವರು ಬಹಳ. ಅದರ ಹೊರಗಿನ ಮೈಕ್ ಮಾತನ್ನು ಒಳಗೆ ಕೇಳಿಸುತ್ತದೆ, ಗುಂಡಿನ ಸದ್ದು ಬಂದಾಗ ತಾನು ಒಳಗೆ ಬಿಡುವ ಸದ್ದನ್ನು 82–85 ಡೆಸಿಬೆಲ್ಲಿನ ಹತ್ತಿರ ತಡೆಯುತ್ತದೆ. ಗಮನಿಸಿ, ಬಟ್ಟಲನ್ನು ದಾಟಿ ಬರುವ ಸದ್ದನ್ನು ಅದು ಕಡಿಮೆ ಮಾಡುವುದಿಲ್ಲ. ಆ ಕೆಲಸ ಬಟ್ಟಲು ಮತ್ತು ಮೆತ್ತೆಯದೇ. ಸೆಲ್ ಮುಗಿದರೂ ಸಾಮಾನ್ಯ ಮಫ್‌ನಷ್ಟು ರಕ್ಷಣೆ ಉಳಿಯುತ್ತದೆ. ತೀರ್ಪುಗಾರರಿಗೆ, ಕಲಿಸುವವರಿಗೆ ಇದು ನಿಜಕ್ಕೂ ಉಪಯುಕ್ತ. ಮಾತು ಕೇಳಲೆಂದು ಮಫ್ ಎತ್ತಿದ ಆ ಕ್ಷಣದಲ್ಲೇ ಪಕ್ಕದವರು ಹೊಡೆಯುವುದು ಮೈದಾನದಲ್ಲಿ ಆಗುವ ಅತಿ ಸಾಮಾನ್ಯ ಅನಾಹುತ, ಅದನ್ನು ಇದು ತಪ್ಪಿಸುತ್ತದೆ.

ಹಂತ 5: ಯಾವಾಗ ಎರಡನ್ನೂ ಹಾಕಬೇಕು

12 ಬೋರ್ ಮತ್ತು ದೊಡ್ಡ ರೈಫಲ್‌ಗೆ ಯಾವಾಗಲೂ ಒಳಗೆ ಪ್ಲಗ್, ಮೇಲೆ ಮಫ್. ಪಾಯಿಂಟ್ 22ಕ್ಕೆ ಚೆನ್ನಾಗಿ ಕೂತ ಒಂದಾದರೂ ಸಾಕು, ಆದರೆ ಪಕ್ಕದ ಸಾಲಿನಲ್ಲಿ 12 ಬೋರ್ ಇದ್ದರೆ ಲೆಕ್ಕ ಅದರದ್ದು. ತಗಡಿನ ಸೂರಿನಡಿ ನಿಂತು ಹೊಡೆಯುವುದಾದರೂ ಎರಡೂ ಬೇಕು.

ಎರಡು ಹಾಕಿದರೆ ಅಂಕಿಗಳು ಕೂಡುವುದಿಲ್ಲ. 32 ಮತ್ತು 25 ಸೇರಿ 57 ಆಗುವುದಿಲ್ಲ, ಹಂತ 2ರ ಕಡಿತ ಮಾಡಿದ ಮೇಲೆ ಎರಡರಲ್ಲಿ ದೊಡ್ಡ ಅಂಕಿಗೆ ಸುಮಾರು 5 ಸೇರಿಸಿ. ಕಾರಣ, ಕಿವಿಯನ್ನು ಪೂರ್ತಿ ಮುಚ್ಚಿದರೂ ತಲೆಬುರುಡೆಯ ಮೂಳೆಯ ಮೂಲಕ ಸದ್ದು ಒಳಗಿವಿಗೆ ತಲುಪುತ್ತದೆ. ಆದರೂ ಎರಡನೆಯ ಪದರದ ದೊಡ್ಡ ಲಾಭ ಬೇರೆಯೇ ಇದೆ: ಒಂದು ಸೋರಿದರೆ ಇನ್ನೊಂದು ಇರುತ್ತದೆ.

ಹಂತ 6: ಎಲ್ಲಿ ನಿಲ್ಲಬೇಕು, ಯಾರನ್ನು ದೂರ ಇಡಬೇಕು

ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 2 ಮೀಟರಿನಲ್ಲಿ ನಿಂತವರು 16 ಮೀಟರಿಗೆ ಸರಿದರೆ 18 ಡೆಸಿಬೆಲ್ ಉಳಿತಾಯ, ಖರ್ಚಿಲ್ಲದೆ. ಸದ್ದು ನಳಿಕೆಯ ಮುಂದೆ ಹೆಚ್ಚು, ನೇರ ಹಿಂದೆ ಕಡಿಮೆ. ಆದ್ದರಿಂದ ನೋಡುವವರ ಹಗ್ಗವನ್ನು ಹೊಡೆಯುವ ಗೆರೆಯ ಪಕ್ಕಕ್ಕಲ್ಲ, ಹಿಂದಕ್ಕೆ ಕಟ್ಟಿಸಿ. ಅದು ಗುಂಡಿನ ಸುರಕ್ಷತೆಗೂ ಸರಿ. ಹೊಡೆಯುವವರು ಗೋಡೆಯ ಮೂಲೆಯಲ್ಲಿ, ತಗಡಿನ ಸೂರಿನಡಿ ನಿಲ್ಲುವಂತೆ ವ್ಯವಸ್ಥೆ ಮಾಡಬೇಡಿ. ಬಯಲಿನಲ್ಲಿ ಹರಡಿ ಹೋಗುವ ಸದ್ದು ಅಲ್ಲಿ ತಿರುಗಿ ಬಂದು ಮತ್ತೆ ಬಡಿಯುತ್ತದೆ.

ಪಾಯಿಂಟ್ 22ಕ್ಕೆ ‘ಹೈ ವೆಲಾಸಿಟಿ’ ತೋಟಾ ಬದಲು ಗುರಿ ಅಭ್ಯಾಸದ ‘ಸ್ಟ್ಯಾಂಡರ್ಡ್ ವೆಲಾಸಿಟಿ’ ತೋಟಾ ಬಳಸಿದರೂ ಸದ್ದಿನ ಮೊನಚು ಕಡಿಮೆಯಾಗುತ್ತದೆ. ಅದರ ಗುಂಡು ಶಬ್ದದ ವೇಗವಾದ ಸೆಕೆಂಡಿಗೆ ಸುಮಾರು 340 ಮೀಟರಿಗಿಂತ ಕೆಳಗೇ ಓಡುವುದರಿಂದ ಗಾಳಿ ಸೀಳುವ ‘ಚಟ್’ ಸದ್ದು ಇರುವುದಿಲ್ಲ. ಸ್ಪರ್ಧೆಗೆ ಹೇಗೂ ಅದೇ ಮೇಲು.

ಮಕ್ಕಳ ವಿಷಯದಲ್ಲಿ ರಿಯಾಯಿತಿ ಬೇಡ. ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುವ ಗಳಿಗೆಗೆ ಗದ್ದೆಯಲ್ಲಿ ಎಲ್ಲರೂ ಒತ್ತಾಗಿ ನಿಂತಿರುತ್ತಾರೆ, ಮಕ್ಕಳು ಮುಂದೆ. ಹಾರಿಸುವವರು ಗುಂಪಿನಿಂದ ಇಪ್ಪತ್ತು ಮೂವತ್ತು ಮೀಟರ್ ದೂರ ಹೋಗಿ ಸುರಕ್ಷಿತ ದಿಕ್ಕಿಗೆ ಹಾರಿಸಲಿ. ಮಕ್ಕಳಿಗೆ ಅವರದೇ ಅಳತೆಯ ಮಫ್ ಹಾಕಿ, ಇಲ್ಲದಿದ್ದರೆ ಕಿವಿಯ ಬಾಗಿಲಿನ ಮುಂದಿರುವ ಮೆದು ಎಲುಬನ್ನು ಬೆರಳಿಂದ ಒಳಗೆ ಒತ್ತಿ ಹಿಡಿಯಲು ಕಲಿಸಿ. ನೋಡುವವರಿಗೆ ಇದು ಹತ್ತಿಗಿಂತ ಎಷ್ಟೋ ಮೇಲು. ಪುಟ್ಟ ಮಕ್ಕಳ ಕೈಗೆ ಫೋಮ್ ಪ್ಲಗ್ ಕೊಡಬೇಡಿ, ನುಂಗಿಬಿಡುತ್ತವೆ. ಕಂಕುಳಲ್ಲಿರುವ ಕೂಸುಗಳನ್ನು ಅಲ್ಲಿಗೆ ತರಲೇಬೇಡಿ. ಬಸುರಿಯರು ಹೊಡೆಯುವ ಗೆರೆಯಿಂದ ದೂರವಿರಬೇಕು, ತಾಯಿ ಹಾಕಿದ ಮಫ್ ಹೊಟ್ಟೆಯೊಳಗಿನ ಕಿವಿಯನ್ನು ಕಾಯುವುದಿಲ್ಲ. ಸೀಸದ ಹೊಗೆಯೂ ಅವರಿಗೆ ಆಗದು. ಮನೆಯ ನಾಯಿಯನ್ನೂ ಮನೆಯಲ್ಲೇ ಕಟ್ಟಿ ಬನ್ನಿ.

ಹಂತ 7: ಕೇಳಿಸದಿರುವಾಗಿನ ಸನ್ನೆ

ಎಲ್ಲರೂ ಕಿವಿ ಮುಚ್ಚಿದ ಮೈದಾನದಲ್ಲಿ ‘ನಿಲ್ಲಿಸಿ’ ಎಂಬ ಕೂಗು ತಲುಪದಿರಬಹುದು. ಇದನ್ನೇ ನೆಪ ಮಾಡಿ ಮಫ್ ಬೇಡ ಎನ್ನುವವರಿಗೆ ಉತ್ತರ ಇಷ್ಟೇ. ಸ್ಪರ್ಧೆ ಶುರುವಾಗುವ ಮೊದಲೇ ಎಲ್ಲರೆದುರು ಸನ್ನೆ ನಿಶ್ಚಯಿಸಿ: ಕೆಂಪು ಬಾವುಟ ಏರಿದ್ದರೆ ಗುಂಡು ನಡೆಯುತ್ತಿದೆ, ಯಾರೂ ಕಿವಿಯ ರಕ್ಷಣೆ ತೆಗೆಯುವಂತಿಲ್ಲ. ಎರಡೂ ಕೈ ಮೇಲೆತ್ತಿ ಉದ್ದನೆಯ ಸೀಟಿ ಊದಿದರೆ ಎಲ್ಲರೂ ನಿಲ್ಲಿಸಬೇಕು. ಕೋವಿಗಳೆಲ್ಲ ಖಾಲಿಯಾಗಿ, ಕೆಳಗಿಟ್ಟು, ಬಾವುಟ ಇಳಿದ ಮೇಲೆಯೇ ಮಫ್ ಕೆಳಗೆ.

ಹಂತ 8: ಆದಮೇಲೆ

ರಕ್ಷಣೆ ಹಾಕಿಯೂ ಕಿವಿ ಗುಂಯ್‌ಗುಟ್ಟಿದರೆ, ಹತ್ತಿ ತುರುಕಿದಂತೆ ಮಂದವಾದರೆ, ಎಲ್ಲೋ ಸೋರಿದೆ ಎಂದರ್ಥ. ಆ ದಿನ ಮತ್ತೆ ಹೊಡೆಯಬೇಡಿ. ವಾಲಗ, ಧ್ವನಿವರ್ಧಕದ ಹತ್ತಿರ ಹೋಗಬೇಡಿ, ಕಿವಿಗೆ ಸದ್ದಿಲ್ಲದ ವಿಶ್ರಾಂತಿ ಕೊಡಿ. ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಇಳಿಯುತ್ತದೆ. ಇಳಿಯಿತೆಂದು ಏನೂ ಆಗಿಲ್ಲ ಎಂದುಕೊಳ್ಳಬೇಡಿ, ಇಂಥ ಪ್ರತಿ ಪೆಟ್ಟೂ ಒಳಗೆ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಒಂದು ಕಿವಿ ತಟ್ಟನೆ ಕೇಳಿಸದಾದರೆ, ರಕ್ತ ಅಥವಾ ನೀರು ಬಂದರೆ, ತಲೆ ಸುತ್ತಿದರೆ ಅಂದೇ ಅಥವಾ ಮರುದಿನ ಕಿವಿ–ಮೂಗು–ಗಂಟಲು ವೈದ್ಯರನ್ನು ಕಾಣಿ. ಇಲ್ಲಿ ತಡವಾದಷ್ಟೂ ಚಿಕಿತ್ಸೆಯ ಫಲ ಕಡಿಮೆ. ಬೆಚ್ಚಗಿನ ಕೊಬ್ಬರಿ ಎಣ್ಣೆ, ಬೆಳ್ಳುಳ್ಳಿ ರಸ ಬಿಡಬೇಡಿ. ಪರದೆ ಹರಿದಿದ್ದರೆ ಅದು ನಡುಗಿವಿಗೆ ಇಳಿದು ಸೋಂಕು ತರುತ್ತದೆ.

ತೊಂದರೆ ಇಲ್ಲದವರೂ ವರ್ಷಕ್ಕೊಮ್ಮೆ ಆಡಿಯೋಗ್ರಾಮ್ ಮಾಡಿಸಿ. ಬೇರೆ ಬೇರೆ ಸ್ವರಗಳಲ್ಲಿ ನಿಮಗೆ ಕೇಳಿಸುವ ಅತಿ ಸಣ್ಣ ಸದ್ದನ್ನು ಅಳೆಯುವ, ನೋವಿಲ್ಲದ ಪರೀಕ್ಷೆ ಅದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಹೆಸರಾದದ್ದು, ಕೊಡಗಿನವರಿಗೆ ದೂರವೂ ಅಲ್ಲ. ಪರೀಕ್ಷೆಗೆ ಮುಂಚೆ ಕನಿಷ್ಠ 14 ಗಂಟೆ ಗುಂಡು, ಮರ ಕೊಯ್ಯುವ ಯಂತ್ರ, ಕಳೆ ಕತ್ತರಿಸುವ ಯಂತ್ರ ಯಾವುದರ ಸದ್ದೂ ಬೇಡ, ಇಲ್ಲದಿದ್ದರೆ ತಾತ್ಕಾಲಿಕ ಮಂದತನವೇ ಕಾಯಂ ಎಂದು ದಾಖಲಾಗಬಹುದು. ನೀವು ಗುಂಡು ಹೊಡೆಯುವವರೆಂದು ಹೇಳಿ, 3000 ಮತ್ತು 6000 ಹರ್ಟ್ಜ್‌ನಲ್ಲೂ ಅಳೆಯಲು ಕೇಳಿ. ಪಟದಲ್ಲಿ 4000ದ ಬಳಿ ಗೆರೆ ಗುಂಡಿಬಿದ್ದು 8000ಕ್ಕೆ ಮತ್ತೆ ಏರಿದ್ದರೆ ಅದು ಸದ್ದಿನ ಪೆಟ್ಟಿನ ಗುರುತು. ಎಡಗಿವಿಯಲ್ಲಿ ಗುಂಡಿ ಆಳವಾಗಿದ್ದರೆ ಬಲಗೈಯವರ ಕೋವಿಯ ಸಹಿ ಎಂದೇ ತಿಳಿಯಿರಿ. ವರದಿಯ ಮೇಲೆ ದಿನಾಂಕ ಬರೆಸಿ, ಕೋವಿಯ ಕಾಗದಪತ್ರದ ಜೊತೆಯಲ್ಲೇ ಇಡಿ. ಮುಂದಿನ ವರ್ಷ ಹೋಲಿಸಲು ಅದೇ ಬೇಕಾಗುತ್ತದೆ.